ಇಂಡಕ್ಷನ್ ಸ್ಟೌ: ಹಾಲಿಗೆ ಸೈ, ರೊಟ್ಟಿಗೆ ಬೇಡ

ದಾವಣಗೆರೆಯ ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಪಕ್ಕದಲ್ಲೇ 2000 ವ್ಯಾಟಿನ ಇಂಡಕ್ಷನ್ ಸ್ಟೌ ಇದೆ. ಕೆಲವು ವರ್ಷ ದಿನಾ ಬಳಸಿದ ಮೇಲೆ ಬರೀತಿದ್ದೀನಿ.

ಇದರಲ್ಲಿ ಬಿಸಿಯಾಗೋದು ಒಲೆಯಲ್ಲ, ಪಾತ್ರೆ. ಗಾಜಿನ ಕೆಳಗೆ ತಾಮ್ರದ ಸುರುಳಿ ಇರುತ್ತೆ. ಅದರಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸಿದಾಗ ಕಾಂತಕ್ಷೇತ್ರ ಹುಟ್ಟಿ, ಪಾತ್ರೆಯ ತಳದಲ್ಲೇ ಕರೆಂಟು ಸುತ್ತಿ ತಳ ಕಾಯುತ್ತೆ. ಹಾಗಾಗಿ ತಳಕ್ಕೆ ಅಯಸ್ಕಾಂತ ಕಚ್ಚಬೇಕು. ಮದುವೆಯಲ್ಲಿ ಬಂದ ಅಲ್ಯೂಮಿನಿಯಂ ಕುಕ್ಕರ್, ಹಿಂಡಾಲಿಯಂ ಬೋಗುಣಿ ಇಟ್ಟರೆ ಬೀಪ್ ಅಂದು ಸುಮ್ಮನಾಗುತ್ತೆ. ಸ್ಟೀಲಿನಲ್ಲೂ ಎಲ್ಲ ನಡೆಯಲ್ಲ. ಪಾತ್ರೆ ಅಂಗಡಿಗೆ ಹೋಗುವಾಗ ಫ್ರಿಜ್ ಬಾಗಿಲಿನ ಅಯಸ್ಕಾಂತ ಕಿತ್ತುಕೊಂಡು ಹೋಗಿ, ಅಂಗಡಿಯವರು ನಕ್ಕರೆ ನಗಲಿ.

ಒಂದು ಲೀಟರ್ ನೀರು ಮೂರ್ನಾಲ್ಕು ನಿಮಿಷಕ್ಕೆ ಕುದಿಯುತ್ತೆ. ಹಾಲು ಉಕ್ಕಿದರೂ ಆಫ್ ಒತ್ತಿದ ಕ್ಷಣ ಇಳಿಯುತ್ತೆ, ಒಂದು ಬಟ್ಟೆಯಲ್ಲಿ ಒರೆಸಿದರೆ ಒಲೆ ಕ್ಲೀನ್. ಬೇಳೆ, ಅನ್ನ, ಚಹಾ ಎಲ್ಲಕ್ಕೂ ಒಳ್ಳೇದು. ಸಣ್ಣ ಉರಿ ಮಾತ್ರ ಇದಕ್ಕೆ ಬರಲ್ಲ. ಕಡಿಮೆಗೆ ಇಟ್ಟರೆ ಒಂದಷ್ಟು ಸೆಕೆಂಡು ಜೋರಾಗಿ ಉರಿದು, ಒಂದಷ್ಟು ಸೆಕೆಂಡು ನಿಲ್ಲುತ್ತೆ. ಪಾಯಸ ತಕತಕ ಕುದ್ದು ತಣ್ಣಗಾಗಿ, ಮತ್ತೆ ಕುದ್ದು, ಕೊನೆಗೆ ತಳ ಹಿಡಿಯುತ್ತೆ.

ದೋಸೆಗೆ ಕಬ್ಬಿಣದ ಕಾವಲಿ ಇಟ್ಟೆ. ಕಾಯುತ್ತೆ, ಆದರೆ ಸುರುಳಿ ಇರುವಷ್ಟಗಲ ಮಾತ್ರ. ನಡುವೆ ಬಳೆಯ ಹಾಗೆ ಕೆಂಪು, ಅಂಚೆಲ್ಲ ಬೆಳ್ಳಗೆ. ಬೆಣ್ಣೆ ದೋಸೆ ಊರಿನವರು ಇಂಥದ್ದನ್ನ ತಟ್ಟೆಗೆ ಹಾಕಿಕೊಂಡಾರೆಯೇ? ಜೋಳದ ರೊಟ್ಟಿ ಅಂಚೂ ಅಷ್ಟೇ, ಹಸಿ ಹಸಿ. ಬದನೆಕಾಯಿ, ಹಪ್ಪಳ ಸುಡೋಕೆ ಉರಿಯೇ ಇಲ್ಲ.

ಚಿತ್ರದುರ್ಗದ ನಮ್ಮ ನಾದಿನಿ ಇನ್ಫ್ರಾರೆಡ್ ಸ್ಟೌ ತಗೊಂಡಿದ್ದಾಳೆ. ಅದರಲ್ಲಿ ಗಾಜಿನ ಕೆಳಗಿನ ಕಾಯಿಲ್ ಕೆಂಪಗೆ ಕಾಯುತ್ತೆ, ತಳ ಸಮ ಇದ್ದರೆ ಮಣ್ಣಿನ ಪಾತ್ರೆಯೂ ನಡೆಯುತ್ತೆ. "ಅತ್ತಿಗೆ, ನಂದು ಪಾತ್ರೆ ಜಾತಿ ಕೇಳಲ್ಲ. ಆದ್ರೆ ಆಫ್ ಮಾಡಿ ಎಷ್ಟೋ ಹೊತ್ತಾದ್ಮೇಲೂ ಕೈ ಸುಡುತ್ತೆ" ಅಂತಾಳೆ. ಮನೇಲಿ ಚಿಕ್ಕ ಮಕ್ಕಳಿದ್ದರೆ ನಾನಂತೂ ಅದನ್ನ ತರಲ್ಲ.

ನಮ್ಮ ಇಂಡಕ್ಷನ್ನಿನ ರಿಪೇರಿ ಕಥೆ ಒಂದಿದೆ. ಕೆಳಗೆ ಫ್ಯಾನಿನ ಕಿಂಡಿ ಇರುತ್ತಲ್ಲ, ಬೆಚ್ಚಗಿದೆ ಅಂತ ಜಿರಳೆ ಒಳಗೆ ಸೇರಿ ಬೋರ್ಡು ಸುಟ್ಟಿತು. ಹುಳ ಹೊಕ್ಕರೆ ವಾರಂಟಿ ಇಲ್ಲ ಅಂದರು ಕಂಪನಿಯವರು. ಪೇಟೆಯ ರಿಪೇರಿ ಹುಡುಗ ಸರಿಮಾಡಿಕೊಟ್ಟ. ಈಗ ರಾತ್ರಿ ಫ್ಯಾನು ನಿಂತ ಮೇಲೆ ಪ್ಲಗ್ ಕಿತ್ತು ಸ್ಟೌ ನೆಟ್ಟಗೆ ನಿಲ್ಲಿಸಿ ಇಡ್ತೀನಿ. ಅಂದಹಾಗೆ ಪ್ಲಗ್ ಪಾಯಿಂಟ್ 16 ಆಂಪಿಯರಿಂದೇ ಇರಲಿ. 2000 ವ್ಯಾಟಿಗೆ ಸುಮಾರು 9 ಆಂಪಿಯರ್ ಎಳೆಯುತ್ತೆ, ಚಿಕ್ಕ ಸಾಕೆಟ್ ಕರಗುತ್ತೆ.

ಖರ್ಚು? ಪೂರ್ತಿ ಪವರಲ್ಲಿ ಅರ್ಧ ಗಂಟೆಗೆ ಒಂದು ಯೂನಿಟ್. ಗೃಹಜ್ಯೋತಿಯಲ್ಲಿ ನಮಗೆ ನಿಗದಿಯಾದ ಯೂನಿಟ್ ಒಳಗಿದ್ದರೆ ಬಿಲ್ಲು ಸೊನ್ನೆ, ಮೀರಿದರೆ ಮೀರಿದಷ್ಟಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಏಪ್ರಿಲ್ ಬಿಸಿಲಲ್ಲಿ ಅಡುಗೆಮನೆ ಕಾಯದಿರಲಿ ಅಂತ ಇಂಡಕ್ಷನ್ನೇ ಬೇಕು ಅನಿಸುತ್ತೆ. ಕೂಲರ್ ಓಡಿ ಯೂನಿಟ್ ಏರೋದೂ ಅದೇ ತಿಂಗಳು. ಹಾಗಾಗಿ ಬೇಸಿಗೆಯಲ್ಲಿ ಕುಕ್ಕರ್ ಗ್ಯಾಸಿಗೆ, ಹಾಲು-ಚಹಾ ಮಾತ್ರ ಇದಕ್ಕೆ.