ಕ್ಯಾಲಿಫೋರ್ನಿಯಾದಲ್ಲಿ 1969ರ ಎಂಜಿಬಿ: ಹತ್ತು ವರ್ಷ ಓಡಿಸಿದ ಮೇಲೆ

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: ಬಿಡಿಭಾಗ ಸಿಗುತ್ತಾ? ಸಿಗುತ್ತೆ, ಧಾರಾಳವಾಗಿ. ಸ್ಯಾನ್ ಹೋಸೆಯಲ್ಲಿ ನಾನು ಎಂಜಿ ಕಂಪನಿಯ ಎಂಜಿಬಿ ರೋಡ್‌ಸ್ಟರ್ (ಟಾಪ್ ಮಡಚುವ ಎರಡು ಸೀಟಿನ ಕಾರು) ಇಟ್ಟುಕೊಂಡು ಹತ್ತು ವರ್ಷದ ಮೇಲಾಯಿತು. ಇಷ್ಟು ವರ್ಷದಲ್ಲಿ ಬಿಡಿಭಾಗ ಸಿಗದೆ ಕಾರು ನಿಂತಿದ್ದೇ ಇಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿ ತಯಾರಾದವು, ಹೆಚ್ಚಿನವು ಬಂದದ್ದು ಅಮೆರಿಕಕ್ಕೇ. ಹಾಗಾಗಿ ಬಿಡಿಭಾಗದ ವ್ಯಾಪಾರವೂ ಇಲ್ಲೇ ಬೆಳೆಯಿತು. ಇಂಗ್ಲೆಂಡಿನಲ್ಲಿ ಇವತ್ತಿಗೂ ಹಳೇ ಅಚ್ಚುಗಳಿಂದಲೇ ಇಡೀ ಬಾಡಿಯನ್ನು ಹೊಸದಾಗಿ ಮಾಡಿಕೊಡುತ್ತಾರೆ.

ಆದರೆ ಹೊಸದಾಗಿ ಬರುವ ಭಾಗವೆಲ್ಲ ಚೆನ್ನಾಗಿರುವುದಿಲ್ಲ. ರಬ್ಬರ್ ಬುಶ್ ಬೇಗ ಬಿರಿಯುತ್ತವೆ. ಒಂದು ಕಂಪನಿಯ ರೋಟರ್ ಆರ್ಮ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಹಾಕಿದ ಕೆಲವೇ ವಾರಕ್ಕೆ ಹೈವೇಯಲ್ಲಿ ಕೈಕೊಟ್ಟಿತು. ಹಳೆಯದು ಸರಿಯಾಗಿದ್ದರೆ ಎಸೆಯಬೇಡಿ, ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

ನನಗೆ ಈ ಕಾರಿನಲ್ಲಿ ತುಂಬಾ ಇಷ್ಟವಾಗಿದ್ದು ಅದರ ಎರಡು ಎಸ್‌ಯು ಕಂಪನಿಯ ಕಾರ್ಬ್ಯುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ. ಮೆಕ್ಯಾನಿಕ್‌ಗಳು ಇವಕ್ಕೆ ಸುಮ್ನೆ ಹೆದರುತ್ತಾರೆ. ಮೊದಲು ಇಂಜಿನ್ ಬಿಸಿಯಾಗಲಿ. ಒಂದು ರಬ್ಬರ್ ಪೈಪಿನ ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದೊಂದು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು ನೋಡಿ. ಗಾಳಿ ಎಳೆಯುವ ಸದ್ದು ಎರಡರಲ್ಲೂ ಒಂದೇ ಥರ ಇರಬೇಕು. ಆಮೇಲೆ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ ಎತ್ತುವ ಪುಟ್ಟ ಪಿನ್ನನ್ನು ಕೂದಲೆಳೆಯಷ್ಟು ಒತ್ತಿ. ಇಂಜಿನ್ ಜೋರಾಗಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ. ನಿಂತುಹೋಗುವ ಹಾಗಾದರೆ ಕಮ್ಮಿ. ಒಂದು ಕ್ಷಣ ಏರಿ ಮತ್ತೆ ಇಳಿದರೆ ಸರಿಯಾಗಿದೆ. ಕಂಪ್ಯೂಟರ್ ಬೇಕಿಲ್ಲ, ಕಿವಿ ಸಾಕು. ಈ ಕೆಲಸ ಕಲಿತ ದಿನ ಕಾರು ನಿಜವಾಗಿ ನನ್ನದಾಯಿತು.

ತೊಂದರೆ ಕೊಡುವುದು ಬಿಸಿಲು. ಈ 1798 ಸಿಸಿ ಇಂಜಿನ್ನಿನಲ್ಲಿ ಕಾರ್ಬ್ಯುರೇಟರ್‌ಗಳು ಕೂತಿರುವುದೇ ಹೊಗೆಕೊಳವೆಯ ಮೇಲೆ. ಬೇಸಿಗೆಯಲ್ಲಿ ಸೆಂಟ್ರಲ್ ವ್ಯಾಲಿ ಕಡೆ ಹೋದರೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಪೆಟ್ರೋಲ್ ಹಾಕಿಸಲು ನಿಲ್ಲಿಸಿದರೆ ಸಾಕು, ಕಾರ್ಬ್ಯುರೇಟರ್ ಒಳಗಿನ ಪೆಟ್ರೋಲ್ ಕುದ್ದು, ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಕಾಯಿರಿ. ನಡುವೆ ಇರುವ ಶಾಖ ತಡೆಯುವ ತಗಡನ್ನು ಮಾತ್ರ ಯಾವತ್ತೂ ಬಿಚ್ಚಿಡಬೇಡಿ. ಇಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ಪೆಟ್ರೋಲ್ ಪೈಪುಗಳನ್ನೂ ಬದಲಿಸಿಬಿಡಿ.

ಲೂಕಾಸ್ ಅನ್ನುವ ಬ್ರಿಟಿಷ್ ಕಂಪನಿಯ ವೈರಿಂಗ್ ಸದಾ ಕೆಡುತ್ತದೆ ಅಂತ ಜನ ಆಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನನ್ನ ಕಾರಿನಲ್ಲಿ ಲೈಟು, ಇಂಡಿಕೇಟರ್ ಕೆಟ್ಟಾಗಲೆಲ್ಲ ಅರ್ಥ್ ತಂತಿಯ ತುಕ್ಕೇ ಕಾರಣ. ಉಜ್ಜಿ ಬಿಗಿ ಮಾಡಿದರೆ ಮುಗಿಯಿತು. ಸೀಟಿನ ಹಿಂದೆ ಅಡಗಿರುವ ಎರಡು 6 ವೋಲ್ಟ್ ಬ್ಯಾಟರಿಗಳೂ ಅಷ್ಟೇ, ಕಣ್ಣಿಗೆ ಬೀಳುವುದಿಲ್ಲ ಅಂತ ಮರೆಯಬೇಡಿ.

ಓಡಿಸುವ ಸುಖ ಸ್ಕೈಲೈನ್ ಬುಲವಾರ್ಡ್‌ನಂಥ ತಿರುವಿನ ರಸ್ತೆಯಲ್ಲಿ. ಮೂರನೇ ಗೇರು, ಟಾಪ್ ಇಳಿಸಿ, 40 ಮೈಲಿ ವೇಗ. ಇದಕ್ಕಿಂತ ಇನ್ನೇನು ಬೇಕು? ಹೈವೇಯಲ್ಲಿ ಅಷ್ಟು ಮಜಾ ಇಲ್ಲ. ನನ್ನದರಲ್ಲಿ ಓವರ್‌ಡ್ರೈವ್ (ಅದೇ ವೇಗಕ್ಕೆ ಇಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರು) ಇಲ್ಲ, 70 ಮೈಲಿಗೆ ಇಂಜಿನ್ 4000 ಆರ್‌ಪಿಎಂ ಹತ್ತಿರ ಕೂಗುತ್ತದೆ. ಪಕ್ಕದವರ ಮಾತು ಕೇಳಿಸುವುದಿಲ್ಲ. ಓವರ್‌ಡ್ರೈವ್ ಇರುವುದು ಸಿಕ್ಕರೆ ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ತಗೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೇ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ, ಇದು ದೊಡ್ಡ ನೆಮ್ಮದಿ. ಕೊಳ್ಳುವಾಗ ಇಂಜಿನ್‌ಗಿಂತ ಬಾಗಿಲ ಕೆಳಗೆ ಉದ್ದಕ್ಕೂ ಇರುವ ತಗಡಿನ ತೊಲೆ, ಅಂದರೆ ಸಿಲ್ ನೋಡಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಭಾರ ಹೊರುವುದು ಅದೇ. ಜಾಕ್ ಹಾಕಿ ಒಂದು ಬದಿ ಎತ್ತಿಸಿ, ಆಮೇಲೆ ಬಾಗಿಲು ತೆಗೆದು ನೋಡಿ. ಬಾಗಿಲು ಕಚ್ಚಿಕೊಂಡರೆ ಒಳಗೆ ತುಕ್ಕು ತಿಂದಿದೆ ಅಂತಲೇ ತಿಳಿಯಿರಿ. ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಅಂಥದ್ದನ್ನು ಬಿಟ್ಟು ಮುಂದಿನದು ನೋಡಿ.