ಮಗಳ ಈಜು ತರಬೇತಿ: ಒಂದು ವರ್ಷದ ನಂತರ ನನ್ನ ಅನಿಸಿಕೆ

ಹನ್ನೊಂದು ವರ್ಷದ ಮಗಳನ್ನು ಸ್ಪರ್ಧೆಯ ಈಜಿಗೆ ಸೇರಿಸಿ ಒಂದು ವರ್ಷ ಆಯಿತು. ಕೋಚ್ ಬಗ್ಗೆ ಎರಡು ಮಾತಿಲ್ಲ. ಮೊದಲ ಆರು ವಾರ ಬರೀ ಉಸಿರಾಟ, ಕಾಲು ಬಡಿಯುವುದು, ಗೋಡೆ ಒದ್ದು ತಿರುಗುವುದು ಇಷ್ಟೇ ಮಾಡಿಸಿದರು, ಸುಮ್ನೆ ಕಾಲ ಕಳೆಯುತ್ತಿದ್ದಾರೆ ಅಂದುಕೊಂಡಿದ್ದೆ, ತಪ್ಪು ನನ್ನದೇ.

ಇಲ್ಲಿರುವುದು 25 ಮೀಟರ್ ಕೊಳ. ಮೊದಲ ಸಲ 50 ಮೀಟರ್ ಕೊಳದಲ್ಲಿ ಈಜಿದಾಗ ಅವಳ ಟೈಮಿಂಗ್ ಜಾಸ್ತಿ ಬಂತು, ಅತ್ತುಬಿಟ್ಟಳು. ಚಿಕ್ಕ ಕೊಳದಲ್ಲಿ ತಿರುವು ಜಾಸ್ತಿ, ಪ್ರತಿ ಸಲ ಗೋಡೆ ಒದ್ದಾಗ ವೇಗ ಸಿಗುತ್ತದೆ, ಹಾಗಾಗಿ ಎರಡನ್ನೂ ಹೋಲಿಸಬಾರದು ಅಂತ ಕೋಚ್ ಆಮೇಲೆ ಬಿಡಿಸಿ ಹೇಳಿದರು. ಮೊದಲೇ ಹೇಳಬಹುದಿತ್ತು ಅಲ್ವಾ?

ದೊಡ್ಡ ತಕರಾರು ಬೆಳಗಿನ ಐದು ಗಂಟೆಯ ಬ್ಯಾಚ್. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ಅಂದರೆ ರಾತ್ರಿ ಏಳೂವರೆಗೇ ಮಲಗಬೇಕು, ಹೋಂವರ್ಕ್ ಯಾವಾಗ? ಕೇಳಿ ಕೇಳಿ ಮೂರು ದಿನ ಸಂಜೆಗೆ ಬದಲಿಸಿಕೊಂಡೆ.

ಪೋಷಕರು ಕೊಳದ ಅಂಚಿಗೆ ಬರುವಂತಿಲ್ಲ ಎಂಬ ನಿಯಮ ಮೊದಮೊದಲು ಸಿಟ್ಟು ತರಿಸಿತ್ತು. ಈಗ ಹೊರಗೆ ಕೂತು ತೂಕಡಿಸುತ್ತೇನೆ. ವಾಪಸ್ ಬರುವಾಗ ಟೈಮಿಂಗ್ ಕೇಳುವುದಿಲ್ಲ, ಮನಸ್ಸು ಬಂದರೆ ಅವಳೇ ಹೇಳುತ್ತಾಳೆ. ಬಟ್ಟೆ ಬದಲಿಸುವ ಕೋಣೆ ಮಾತ್ರ ಯಾವಾಗಲೂ ಒದ್ದೆ. ಐದಕ್ಕೆ ನಾಲ್ಕು.