ರೊಟ್ಟಿ ಬಡಿಯುವ ಕೈಗೆ ಪಿಆರ್‌ಪಿ ಸೂಜಿ: ದುಡ್ಡು ಕಟ್ಟುವ ಮುನ್ನ ಓದಿ

ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ದಿನಕ್ಕೆ 150 ರೊಟ್ಟಿ. ಹೋದ ದೀಪಾವಳಿ ಮುಗಿದ ಮೇಲೆ ಬಲ ಮೊಣಕೈಯ ಹೊರಬದಿ ನೋಯಲು ಶುರುವಾಯಿತು. ಮೊದಲು ಹಿಟ್ಟು ನಾದುವಾಗ ಚುಳ್ ಅನ್ನುತ್ತಿತ್ತು. ಬರಬರುತ್ತ ಚಹಾದ ಕಪ್ಪು ಎತ್ತುವುದೂ ಕಷ್ಟವಾಯಿತು. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ಕಂಬಿ ಹಿಡಿಯಲು ಎಡಗೈಯೇ ಬೇಕು. ಇದಕ್ಕೆ ಟೆನಿಸ್ ಎಲ್ಬೋ ಅನ್ನುತ್ತಾರಂತೆ. ನಾನು ಟೆನಿಸ್ ಬ್ಯಾಟ್ ಮುಟ್ಟಿದವಳೇ ಅಲ್ಲ!

ಓಣಿಯವರು ಹೇಳಿದರೆಂದು ಒಂದು ಖಾಸಗಿ ಕ್ಲಿನಿಕ್‌ಗೆ ಹೋದೆ. ಡಾಕ್ಟರು ಮೊಣಕೈ ಒತ್ತಿ ನೋಡಿ, ಐದು ನಿಮಿಷದಲ್ಲಿ "ಪಿಆರ್‌ಪಿ ಮಾಡಿಸಿಬಿಡ್ರಿ" ಅಂದರು. ಸ್ಕ್ಯಾನಿಂಗ್ ಮಾತೇ ಇಲ್ಲ. ಪಿಆರ್‌ಪಿ ಅಂದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ನಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಜಾಸ್ತಿ ಇರುವ ದ್ರವ. ಪ್ಲೇಟ್‌ಲೆಟ್ ಅಂದರೆ ಡೆಂಗಿ ಬಂದಾಗ ಇಳಿಯುವುದು, ಅಷ್ಟೇ ನನಗೆ ಗೊತ್ತಿದ್ದದ್ದು. ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ಗರಗರ ತಿರುಗಿಸುತ್ತಾರೆ. ಕೆಂಪು ಕಣಗಳು ಕೆಳಗೆ ಕೂರುತ್ತವೆ. ಪ್ಲೇಟ್‌ಲೆಟ್ ಜಾಸ್ತಿ ಇರುವ ಹಳದಿ ದ್ರವವನ್ನು ತೆಗೆದು ನೋವಿದ್ದಲ್ಲಿ ಚುಚ್ಚುತ್ತಾರೆ. ಪ್ಲೇಟ್‌ಲೆಟ್‌ನಲ್ಲಿ ಗಾಯ ಮಾಯಲು ನೆರವಾಗುವ ಅಂಶಗಳಿವೆ, ಅವು ಟೆಂಡನ್ನನ್ನು (ಸ್ನಾಯುವನ್ನು ಎಲುಬಿಗೆ ಕಟ್ಟುವ ಪಟ್ಟಿ) ರಿಪೇರಿ ಮಾಡುತ್ತವೆ ಅನ್ನುವುದು ಲೆಕ್ಕ. ಕೇಳಲಿಕ್ಕೇನೋ ಚೆಂದ.

"ನಿಮ್ಮದೇ ರಕ್ತ ರೀ ಅಕ್ಕಾರ, ಏನೂ ತ್ರಾಸ ಇಲ್ಲ. ಮೂರರ ಪ್ಯಾಕೇಜ್ ತಗೊಂಡ್ರ ಕಡಿಮಿ ಬೀಳ್ತದ" ಅಂದಳು ಕೌಂಟರಿನ ಹುಡುಗಿ. 21,000 ರೂಪಾಯಿ ಒಂದೇ ಸಲ ಕಟ್ಟಿದೆ. ಇದೇ ನನ್ನ ದೊಡ್ಡ ತಪ್ಪು.

ಮೊದಲ ಸೂಜಿ ಜನವರಿ ಶುರುವಿಗೆ. ಅವತ್ತು ರಾತ್ರಿಯ ನೋವು ಹೇಳತೀರದು. ಕೈ ಹಿಗ್ಗಿಸಲು ಬಾರದು, ಮಡಚಲು ಬಾರದು. ಸೂಜಿ ಆದ ಮೇಲೆ ಕೆಲವು ದಿನ ನೋವು ಏರುವುದು ಮಾಮೂಲಂತೆ. ಅದನ್ನು ಮೊದಲೇ ಹೇಳಬೇಕಿತ್ತು ಅಲ್ವಾ? ಸಂಕ್ರಾಂತಿ, ಅದರ ಹಿಂದಿನ ದಿನ ಭೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ವರ್ಷದಲ್ಲೇ ಜಾಸ್ತಿ ಆರ್ಡರ್ ಬರುವ ವಾರ. ಅಡ್ವಾನ್ಸ್ ಕೊಟ್ಟವರಿಗೆಲ್ಲ ಫೋನ್ ಮಾಡಿ ಆಗುವುದಿಲ್ಲ ಅಂದೆ. ಇಬ್ಬರು ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ.

ಇನ್ನೊಂದು ವಿಷಯ. ಆ ಹೊತ್ತಿಗೆ ದಿನಾ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ನುಂಗುತ್ತಿದ್ದೆ. ಇಂಥ ಮಾತ್ರೆಗಳು ಪ್ಲೇಟ್‌ಲೆಟ್ ಕೆಲಸಕ್ಕೇ ಅಡ್ಡ ಬರುತ್ತವೆ, ಹಾಗಾಗಿ ಪಿಆರ್‌ಪಿಗೆ ಮುಂಚೆ ಸುಮಾರು ಒಂದು ವಾರ ನಿಲ್ಲಿಸಲು ಹೇಳುವುದು ರೂಢಿ. ನನ್ನನ್ನು ಯಾರೂ ಕೇಳಲೇ ಇಲ್ಲ. (ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮಾತ್ರ ತಾವಾಗಿಯೇ ಅದನ್ನು ನಿಲ್ಲಿಸಬಾರದು, ಆ ಡಾಕ್ಟರನ್ನೇ ಕೇಳಬೇಕು.)

ಎರಡನೇ ಸೂಜಿಯನ್ನೂ ಹಾಕಿಸಿಕೊಂಡೆ. ದುಡ್ಡು ಕಟ್ಟಿದ್ದೆನಲ್ಲ! ಮಾರ್ಚ್ ಬಂದರೂ ನೋವು ಇದ್ದ ಹಾಗೇ ಇತ್ತು.

ಕೊನೆಗೆ ಬೇರೆ ಕಡೆ ಫಿಸಿಯೋಥೆರಪಿಗೆ ಹೋದೆ. ಟೆನಿಸ್ ಎಲ್ಬೋ ಬಹಳ ಜನರಿಗೆ ವರ್ಷದೊಳಗೋ ವರ್ಷದ ಆಸುಪಾಸಿಗೋ ತಾನಾಗಿಯೇ ಇಳಿಯುತ್ತದೆ ಅಂತ ಅಲ್ಲಿನ ಫಿಸಿಯೋಥೆರಪಿಸ್ಟ್ ಅಂದಾಗ ಹೊಟ್ಟೆ ಉರಿಯಿತು. ಆಕೆಯೇ ಇನ್ನೊಂದು ಮಾತು ಹೇಳಿದರು: 2021ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಈ ಮೊಣಕೈ ನೋವಿನ ಮೇಲೆ ನಡೆದ 32 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದೆ. ಪಿಆರ್‌ಪಿಯಿಂದ ಹೇಳಿಕೊಳ್ಳುವಂಥ ಲಾಭ ಬಹುಶಃ ಇಲ್ಲ ಎಂಬುದು ಅವರ ತೀರ್ಮಾನ. ಹೀಗೊಂದು ಮಾತಿದೆ ಅಂತ ಕ್ಲಿನಿಕ್‌ನಲ್ಲಿ ಹೇಳಿದ್ದರೆ ನಾನು ಸೂಜಿಗೆ ಮುಂಚೆ ವ್ಯಾಯಾಮವನ್ನೇ ಹಿಡಿಯುತ್ತಿದ್ದೆ. ಅದಕ್ಕೆ ಬೇಕಾದದ್ದು ಅರ್ಧ ಲೀಟರ್ ನೀರಿನ ಬಾಟಲಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ ಬಾಟಲಿ ಹಿಡಿಯಬೇಕು. ಎಡಗೈಯಿಂದ ಅದನ್ನು ಎತ್ತಿ, ಬಲಗೈಯಿಂದ ನಿಧಾನಕ್ಕೆ ಇಳಿಸಬೇಕು. ಜೊತೆಗೆ ಹಿಟ್ಟು ನಾದುವ ಕೆಲಸ ಸೊಸೆಗೆ ಬಿಟ್ಟೆ, ದುರ್ಗದ ಬೈಲಿನ ಮಾರ್ಕೆಟ್ಟಿನಿಂದ ಚೀಲ ಹೊರುವುದು ಬಿಟ್ಟೆ. ಮೂರು ತಿಂಗಳಲ್ಲಿ 60 ರೊಟ್ಟಿಗೆ ಬಂದಿದ್ದೇನೆ.

ಮೂರನೇ ಸೂಜಿಯ ದುಡ್ಡು ವಾಪಸ್ ಕೊಡಿ ಎಂದು ಕೇಳಲು ಹೋದೆ. ಕೊಡಲು ಬರುವುದಿಲ್ಲ, ಮನೆಯಲ್ಲಿ ಯಾರದಾದರೂ ಮೊಣಕಾಲಿಗೆ ಮಾಡಿಸಿ ಅಂದರು. ಬಟ್ಟೆ ಅಂಗಡಿಯಲ್ಲಿ ಸೀರೆ ಬದಲಿಸಿಕೊಡುವ ಹಾಗೆ! ಮೊಣಕಾಲಿನ ಸವೆತಕ್ಕೆ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಪಿಆರ್‌ಪಿಯನ್ನೂ ಬರೀ ಉಪ್ಪುನೀರಿನ ಸೂಜಿಯನ್ನೂ ಹೋಲಿಸಿ ನೋಡಿದ್ದಾರೆ. ವರ್ಷದ ನಂತರ ನೋವಿನಲ್ಲಿ ಗಣನೆಗೆ ಬರುವ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೆಲವು ಅಧ್ಯಯನಗಳಲ್ಲಿ ಗುಣ ಕಂಡದ್ದೂ ಇದೆ, ಚರ್ಚೆ ಮುಗಿದಿಲ್ಲ. ನಮ್ಮ ಅತ್ತೆಯವರನ್ನು ಕೇಳಿದೆ. "ನನ್ನ ರಕ್ತ ನನ್ನ ಮೈಯಾಗ ಇರ್ಲಿ ಬಿಡವಾ" ಅಂದರು. ಆ 7,000 ಇನ್ನೂ ಅಲ್ಲೇ ಇದೆ.